ಅವ್ವನ ಬಾಜೂಕ ಕುಂತಾಕಿ

ಅಕ್ಕಿಆಲೂರು
4 ಮೇ 2025, ಐತವಾರ

ಪ್ರೀತಿಯ ವಿದ್ಯಕ್ಕಗ,

ನಿನ್ನ ತಂಗಿ ಮಧುಶ್ರೀಯ ನಮಸ್ಕಾರ. ಇಲ್ಲಿ ಎಲ್ಲಾರೂ ಆರಾಮ ಅದೇವಿ. ನಿನ್ನ ಪತ್ರ ಬಂದು ತಿಂಗಳ ಮ್ಯಾಲಾತು, ತಡಾ ಮಾಡಿದ್ದಕ್ಕ ಸಿಟ್ಟಾಗಬ್ಯಾಡ. ಫೋನಿನ್ಯಾಗ ನಾ ಬರೇ ಹೂಂ ಅಂತೇನಿ ಅಂತ ನೀ ಪತ್ರ ಬರದಿ. ಖರೇನ ಅಕ್ಕಾ, ನಿನ್ನ ದನಿ ಕೇಳಿದ್ರ ನನಗ ಮಾತ ಬರೂದಿಲ್ಲ. ಬರ್ಯಾಕ ಕುಂತು ನಾಕು ಹಾಳಿ ಹರದು ಒಗದೇನಿ.

ಮಿಲ್ಲಿಗೆ ಬ್ಯಾಸಗಿ ಭತ್ತ ಬರಾಕತ್ತೇತಿ. ಹಮಾಲಿ ಮಾಡಿ ಮಾಡಿ ನಮ್ಮ ಮನಿಯವರಿಗೆ ನಡಾ ಹಿಡದೇತಿ, ಆದ್ರೂ ಒಂದಿನಾ ತಪ್ಪಸೂದಿಲ್ಲ.

ಬುದ್ಧ ಪೂರ್ಣಿಮಾಕ್ಕ ಶಿಗ್ಗಾಂವಿಗೆ ಬಾ, ವಿಹಾರದಾಗ ನನ್ನ ಜೋಡಿ ಕುಂದ್ರು ಅಂತ ಕರದೀಯಲ್ಲ, ಅದಕ್ಕ ಉತ್ತರ ಹೇಳೂಕಿಂತ ಮೊದಲ ಒಂದು ಮಾತ ಹೇಳಬೇಕು. ನೀ ದೀಕ್ಷಾ ತಗೊಂಡ ಮೂರು ವರ್ಷದಿಂದ ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಐತಿ.

ನಾ ಹದಿನಾರು ವರ್ಷ ಒಂದು ಸೋಮವಾರದ ಉಪಾಸ ಬಿಟ್ಟಾಕಿ ಅಲ್ಲ. ಬರಿಗಾಲಿಲೆ ಎಲ್ಲಮ್ಮನ ಗುಡ್ಡ ಹತ್ತಿದಾಕಿ. ನೀ ಮನ್ಯಾಗ ಒಂದು ಊದಿನಕಡ್ಡಿ ಹಚ್ಚಿದ್ದು ನಾ ಕಂಡಿಲ್ಲ. ನಿನ್ನ ಗಂಡ ನಿನ್ನ ಬಿಟ್ಟು ಹ್ವಾದಾಗ ಓಣಿ ಮಂದಿ, ಸಣ್ಣಾಕಿಗೆ ಭಕ್ತಿ ಐತಿ, ದೇವರು ಕಾಯ್ತಾನ, ದೊಡ್ಡಾಕಿಗೆ ಏನೈತಿ ಅಂದ್ರು. ನಿನ್ನ ಕಣ್ಣೀರ ಒರಸ್ಕೊಂತ ಕುಂತಿದ್ದೆ, ಆದ್ರ ಆ ಮಾತು ನನಗ ಒಳಗ ಹಿತಾ ಆಗಿತ್ತು.

ಅಂಥಾ ನೀನು ಹ್ವಾದ ದೀಪಾವಳಿಗೆ ನಮ್ಮನಿಗೆ ಅವ್ವನ್ನ ನೋಡಾಕ ಬಂದಿ. ಅವ್ವಗ ಉಸರ ಹತ್ತಿ ವಾರಗಟ್ಟಲೆ ನಿದ್ದಿ ಇರಲಿಲ್ಲ. ನಾ ಕಟ್ಟಿದ ದಾರ, ಹಚ್ಚಿದ ಅಂಗಾರ, ಯಾವುದೂ ತಾಗಲಿಲ್ಲ. ನೀ ಆಕಿ ಬಾಜೂಕ ಕುಂತು ಕೈ ಹಿಡಕೊಂಡಿ, ಆಕಿ ಉಸರಿನ ಜೋಡಿ ನಿನ್ನ ಉಸರು ಬಿಡಕೊಂತ. ಅರ್ಧಾ ತಾಸಿನ್ಯಾಗ ಅವ್ವ ಮಲಗಿದ್ಲು. ನಾ ಒಲಿ ಮುಂದ ಕುಂತು ರೊಟ್ಟಿ ಹೊತ್ತಿಸಿದೆ, ನೆನಪೈತೇನು? ಬೆಂಕಿ ಜೋರಾತು ಅಂದಿದ್ದೆ.

ನೀ ಹ್ವಾದ ಮ್ಯಾಲೆ ನಾನೂ ಕದಾ ಹಾಕ್ಕೊಂಡು ಹಂಗ ಕುಂತು ನೋಡಿದೆ. ಕಣ್ಣು ಮುಚ್ಚಿದ್ರ ನಿನ್ನ ಮಾರಿನ ಕಾಣತಿತ್ತು.

ಡಿಸೆಂಬರಿನ್ಯಾಗ ಹಾನಗಲ್ಲಿಗೆ ಹೊಂಟೇನಿ ಅಂತ ಮನ್ಯಾಗ ಸುಳ್ಳು ಹೇಳಿ ಶಿಗ್ಗಾಂವಿಗೆ ಬಂದಿದ್ದೆ. ನಿನಗ ಗೊತ್ತಿಲ್ಲ. ವಿಹಾರದ ಬಾಗಲದಾಗ ನಿಂತಿದ್ದೆ. ನೀ ಎಲ್ಲಾರ ಮುಂದ ಏನೋ ಓದಾಕತ್ತಿದ್ದಿ, ನಡುವ ತಪ್ಪಿದಿ. ತಪ್ಪಾತು, ತಡೀರಿ, ಮತ್ತ ಓದ್ತೇನಿ ಅಂದು ನಕ್ಕಿ. ಸಾಲ್ಯಾಗ ಒಂದು ಮಾತ ತಪ್ಪಿದ್ರ ಎರಡು ದಿನ ಮಾರಿ ತೋರಿಸದಾಕಿ ನೀನು. ಹಂಗ ನಕ್ಕಿದ್ದು ನಾ ತವರುಮನ್ಯಾಗ ಒಮ್ಮೆನೂ ನೋಡಿರಲಿಲ್ಲ. ನಾ ಚಪ್ಪಲ ಕಳೀಲಿಲ್ಲ, ಹಂಗ ತಿರುಗಿ ಬಸ್ ಸ್ಟ್ಯಾಂಡಿಗೆ ನಡದೆ. ನೀ ಅಳಾಕತ್ತಿದ್ರ ಒಳಗ ಓಡಿ ಬಂದು ತಬ್ಬಿಕೊಂತಿದ್ದೆ ಅಕ್ಕಾ. ನೀ ನಗಾಕತ್ತಿದ್ದಿ.

ಫೆಬ್ರುವರಿಯಾಗ ಅವ್ವ ಹ್ವಾದ್ಲು. ಆಕಿ ದಿನಕರ್ಮ ಮುಗದ ಮ್ಯಾಲೆ ನಾ ಮತ್ತ ಉಪಾಸ ಹಿಡದೆ, ಇನ್ನೂ ಕಟ್ಟಾಗಿ. ಒಂದು ಸೋಮವಾರ ಊಟಕ್ಕ ನೀಡಾಕತ್ತಿದ್ದೆ, ಇವರು ತಾಟ ನೋಡಕೊಂತ ಮೆಲ್ಲಕ ಅಂದ್ರು, “ಒಂದು ಮಾತ ಹೇಳಲೇನು, ಬ್ಯಾಸರಾ ಮಾಡಕೋಬ್ಯಾಡ. ನೀ ಉಪಾಸ ಇದ್ದ ದಿನ ನಾವೆಲ್ಲಾ ಅಂಜಕೊಂತ ಉಣ್ತೇವಿ.”

ನಿನಗ ಗೊತ್ತಲ್ಲ, ಹಾಲೇಶ ವರ್ಷದಾಗ ನಾಕು ಮಾತಾಡೂ ಮನಿಷಾ. ಆ ಮನಿಷಾ ಹಂಗಂದಾಗ ನನಗ ಸಿಟ್ಟ ಬರಲಿಲ್ಲ. ಹಿತ್ತಲದಾಗ ಹೋಗಿ ಕುಂತೆ. ಹದಿನಾರು ವರ್ಷ ನಾ ಹಸಕೊಂಡಿದ್ದು ಯಾರಿಗಾಗಿ? ದೇವರಿಗಲ್ಲ ಬಿಡು. ನಿನಗಿಂತ ಒಂದು ಮೆಟ್ಟಲ ಮ್ಯಾಲ ನಿಂದ್ರಾಕ. ನನಗ ಏನು ಬೇಕಂತ ನಾ ಯಾವತ್ತೂ ನನ್ನ ಕೇಳಿಲ್ಲ, ನಿನಗ ಏನು ಸಿಕ್ತು ಅಂತ ನೋಡಕೊಂತ ಬಂದೆ. ಎದ್ದು ಬಂದು ಇವರ ತಾಟಿನ್ಯಾಗಿಂದನ ಒಂದು ತುತ್ತು ತಿಂದೆ. ಇವರು ಗಾಬರಿ ಆಗಿ ನೀರು ಕೊಟ್ರು.

ಈಗ ಉಪಾಸ ಇಲ್ಲ, ಪೂಜಾನೂ ಇಲ್ಲ. ದೇವರನ್ನ ಬಿಟ್ಟೇನಿ ಅಂತ ಅಲ್ಲ, ಸದ್ಯಕ್ಕ ಸುಳ್ಳು ಬ್ಯಾಡ ಅಂತ. ಕಣ್ಣು ಮುಚ್ಚಿ ಕುಂತಾಗ ಶಾಂತಿ ಗೀಂತಿ ಏನೂ ಬರೂದಿಲ್ಲ. ಹೊಟ್ಟಿಕಿಚ್ಚು ಬರ್ತೈತಿ. ಇದು ನಾನು ಅಂತ ಅದನ್ನ ನೋಡಕೊಂತ ಕುಂದರ್ತೇನಿ. ನಿಮ್ಮಲ್ಲಿ ಇಂಥಾಕಿಗೆ ಜಾಗಾ ಐತೇನು?

ನೀ ಹಿರ್ಯಾಕಿ, ನಿನ್ನ ಕೈ ನನ್ನ ತಲಿ ಮ್ಯಾಲ ಇರಲಿ. ನಿನ್ನ ಅಂಗನವಾಡಿ ಕೂಸುಗಳು ತಣ್ಣಗಿರಲಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಮಧುಶ್ರೀ

ತಾ.ಕ.: ಅವ್ವನ ಮಣ್ಣಿಗೆ ಬಂದಾಗ, ಕಡೀಕ ನನ್ನ ಕೇಳಿದ್ಲೇನು ಅಂತ ನೀ ಕೇಳಿದಿ. ಇಲ್ಲ, ಎಚ್ಚರ ಇರಲಿಲ್ಲ ಅಂದೆ. ಎಚ್ಚರ ಇತ್ತಕ್ಕಾ. ಮಧ್ಯಾಹ್ನ ಎರಡಕ್ಕ, “ವಿದ್ಯಾನ್ನ ಕರಿ, ಆಕಿ ಬಾಜೂಕ ಕುಂತ್ರ ನನಗ ಅಂಜಿಕಿ ಆಗೂದಿಲ್ಲ” ಅಂದ್ಲು. ಎರಡು ತಾಸಿನ ದಾರಿ, ನೀ ಮುಟ್ಟತಿದ್ದಿ. ಫೋನ್ ನನ್ನ ಕೈಯಾಗ ಇತ್ತು. ಫೋನ್ ಹತ್ತವಲ್ದು ಅವ್ವಾ ಅಂತ ಸುಳ್ಳು ಹೇಳಿ, ನಾನ ಆಕಿ ಕೈ ಹಿಡಕೊಂಡು ಕುಂತೆ. ಆಕಿ ಬಾಗಲಾ ನೋಡಕೊಂತ ಐದರ ತನಕ ಇದ್ಲು. ಇದನ್ನ ಓದಿದ ಮ್ಯಾಲೂ ಬಾ ಅಂದ್ರ ಬರ್ತೇನಿ.