ಲೆಟ್ ಎಂದರೆ ಬಿಡು

ಜಯನಗರ, ಬೆಂಗಳೂರು
೧೯ ಆಗಸ್ಟ್ ೧೯೬೨

ಪ್ರೀತಿಯ ಜಯಾ,

ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ತಿಂಗಳು ದಾಟಿದ್ದಕ್ಕೆ ಬೈಯಬೇಡ. ನಾನೀಗ ಬೈಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಬೈಯುವ ಸ್ಥಿತಿಯಲ್ಲಿದ್ದೇನೆ. ನಿನ್ನ ಕೂಸಿಗೆ ಹಲ್ಲು ಮೂಡಿದ ಸುದ್ದಿ ಓದಿ ಒಂದು ಗಳಿಗೆ ಕೋಪ ಇಳಿದಿತ್ತು, ಮತ್ತೆ ಏರಿದೆ.

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಸಂಜೆ ಇಂಗ್ಲಿಷ್ ಪಾಠಕ್ಕೆ ಸೇರಿದ್ದೇನೆ ಎಂದು ಬರೆದಿದ್ದೆನಲ್ಲ. ಬರುವ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬೇಕು. ಉಳಿದದ್ದನ್ನು ಹೇಗೋ ಓದಿಕೊಂಡೇನು, ಇಂಗ್ಲಿಷ್ ಮಾತ್ರ ಹೇಳಿಕೊಡುವವರಿಲ್ಲದೆ ನನ್ನಿಂದಾಗದು. ಪಾಸಾದರೆ ಬನಶಂಕರಿ ಕಡೆ ಹೊಸದಾಗಿ ತೆರೆದ ಶಿಶುವಿಹಾರದಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದಾರೆ. ನಮ್ಮವರಿಗೆ ಬಳ್ಳಾರಿಗೆ ವರ್ಗವಾಗಿ ಒಂಬತ್ತು ತಿಂಗಳಾಯಿತು, ಅಲ್ಲಿ ಇನ್ನೂ ಮನೆ ಸಿಕ್ಕಿಲ್ಲ. ಸುಮ್ಮನೆ ಕೂತು ಏನು ಮಾಡಲಿ?

ಪಾಠ ಹೇಳುವವರು ಏಕಾಂತಯ್ಯ ಎಂಬ ರಿಟೈರ್ಡ್ ಮೇಷ್ಟ್ರು. ಕಳೆದ ಸೋಮವಾರ ‘ಲೆಟ್’ ಎಂಬ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿ ಮೂರು ವಾಕ್ಯ ಬರೆದು ತರಬೇಕಿತ್ತು. ‘ಲೆಟ್ ಅಸ್ ಗೋ’ ಎಂದು ಬರೆದೆ, ಹೋಗೋಣ ಎಂಬ ಅರ್ಥಕ್ಕೆ. ಎರಡನೆಯದು ‘ದಿಸ್ ಹೌಸ್ ಈಸ್ ಟು ಲೆಟ್’, ಬಾಡಿಗೆಗಿದೆ ಎಂದು. ಇಲ್ಲಿ ಹೊಸ ಮನೆಗಳ ಗೇಟಿನಲ್ಲೆಲ್ಲ ಆ ಬೋರ್ಡೇ ತಾನೇ. ಮೂರನೆಯದು ‘ಮೈ ಹಸ್ಬೆಂಡ್ ಲೆಟ್ ಮಿ’. ಮೇಷ್ಟ್ರು ಇದನ್ನು ಹದಿನಾಲ್ಕು ಹೆಂಗಸರ ಮುಂದೆ ಗಟ್ಟಿಯಾಗಿ ಓದಿದರು.

“ಗಂಡ ನನ್ನನ್ನು ಬಿಟ್ಟರು. ಏನ್ಮಾಡೋಕೆ ಬಿಟ್ರು ತಾಯಿ? ಲೆಟ್ ಅಂದ್ಮೇಲೆ ಮುಂದೊಂದು ಕ್ರಿಯಾಪದ ಬೇಕಲ್ಲ. ಗೋ, ಸಿಂಗ್, ಏನಾದ್ರೂ. ಹಾಗೇ ನಿಲ್ಲಿಸಿದ್ರೆ ಬೋರ್ಡಿನ ಅರ್ಥ ಆಗ್ಬಿಡುತ್ತೆ. ಯಜಮಾನ್ರು ನಿಮ್ಮನ್ನ ಬಾಡಿಗೆಗೆ ಕೊಟ್ರು ಅಂತ.”

ಎಲ್ಲರೂ ನಕ್ಕರು. ಸೆರಗು ಬಾಯಿಗಿಟ್ಟು ನಕ್ಕರು, ಡೆಸ್ಕಿಗೆ ತಲೆಯಿಟ್ಟು ನಕ್ಕರು. ಓದಲು ಬಿಟ್ಟರು ಎಂದು ಬರೆಯಹೊರಟು ಕೊನೆಯ ಪದ ಮರೆತೆ, ಅಷ್ಟೇ. ಅದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ? ಮೈಯೆಲ್ಲ ಉರಿದುಹೋಯಿತು ಜಯಾ.

ಮಾರನೆಯ ದಿನ ಪಾಠಕ್ಕೆ ಮುಂಚೆಯೇ ಹೋಗಿ ಕೇಳಿದೆ. “ತಪ್ಪಿದ್ರೆ ಕೆಂಪು ಇಂಕಲ್ಲಿ ಹೊಡೀರಿ ಸಾರ್. ಸಂಸಾರಸ್ಥರ ಮನೆ ವಿಷಯ ತೆಗೆದು ನಗಿಸ್ಬೇಡಿ.”

“ಅಯ್ಯೋ ತಾಯಿ, ನಗ್ತಾ ಕಲಿತಿದ್ದು ಮರೆಯೋಲ್ಲ ಅಂತ ಹೇಳ್ದೆ. ಕೊನೇಲಿ ಸ್ಟಡಿ ಅಂತ ಸೇರಿಸ್ಕೊಳ್ಳಿ, ಸರಿಹೋಗುತ್ತೆ” ಎಂದರು. ಅಷ್ಟು ಸುಲಭ ಅವರಿಗೆ.

ಅದೆಂಥ ಪದ ನೋಡು. ಇವತ್ತಿಗೂ ಲೆಟ್, ನಿನ್ನೆಗೂ ಲೆಟ್, ಭೂತ ವರ್ತಮಾನ ಎಂಬ ಭೇದವೇ ಇಲ್ಲ. ಮನೆಗೂ ಅದೇ, ಮನುಷ್ಯರಿಗೂ ಅದೇ. ಇಂಥ ಪದವನ್ನು ಕಟ್ಟಿಕೊಂಡು ಇಡೀ ದೇಶ ಆಳಿದವರು ನಮ್ಮ ವ್ಯಾಕರಣದ ತಪ್ಪು ಹುಡುಕಲು ಮೇಷ್ಟ್ರುಗಳನ್ನು ಬಿಟ್ಟುಹೋಗಿದ್ದಾರೆ. ಅವತ್ತು ಪಾಠಕ್ಕೆ ಕೂರದೆ ಹೊರಟುಬಂದವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ಹೋಗದಿದ್ದರೆ ಪರೀಕ್ಷೆ ಹೋಯಿತು, ಹೋದರೆ ಮರ್ಯಾದೆ ಹೋಯಿತು.

ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು. ಹಲ್ಲಿನ ಸಾಹುಕಾರನಿಗೆ ನೂರು ವರ್ಷ ಆಯುಸ್ಸಿರಲಿ, ಕಚ್ಚುವುದಾದರೆ ಗಟ್ಟಿಯಾಗಿ ಕಚ್ಚಲಿ.

ಇಂತಿ ನಿನ್ನ
ಪಂಕಜಾ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಡಿಸಿದೆ. ಜಯಾ, ನಾನು ಯಾವ ಪದವನ್ನೂ ಮರೆತಿರಲಿಲ್ಲ. ನಿಘಂಟಿನಲ್ಲಿ ಲೆಟ್ ಎಂದರೆ ಬಿಡು ಎಂದಿತ್ತು, ನೋಡಿಯೇ ಬರೆದೆ. ಬಳ್ಳಾರಿಯಲ್ಲಿ ಅವರಿಗೆ ಮನೆ ಸಿಕ್ಕಿದೆ, ಆ ಮನೆಯಲ್ಲಿ ಬೇರೊಬ್ಬಳಿದ್ದಾಳೆ. ಇನ್ನು ಬರುವುದಿಲ್ಲ ಎಂದು ಹೇಳಿಕಳಿಸಿದ್ದಾರೆ. ಅಮ್ಮನಿಗೂ ತಿಳಿಸಿಲ್ಲ. ಆ ಶಿಶುವಿಹಾರದ ಕೆಲಸ ಇನ್ನು ನನ್ನ ಅನ್ನ.

ಅವತ್ತು ಆ ವಾಕ್ಯ ಅರ್ಥವಾದದ್ದು ಒಬ್ಬಳಿಗೇ, ಸಮಾಜದಲ್ಲಿ ಕಸ ಗುಡಿಸುವ ನಾರಾಯಣಮ್ಮನಿಗೆ. ಅವಳಿಗೆ ಇಂಗ್ಲಿಷ್ ಬಾರದು. ಮೇಷ್ಟ್ರು ಕನ್ನಡದಲ್ಲಿ ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನಾನು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ, “ಬುಟ್ಟು ಎಷ್ಟು ದಿನ ಆಯ್ತಕ್ಕಾ?” ಎಂದಳು. ಒಂಬತ್ತು ತಿಂಗಳು ಎಂದೆ. ಬಾಯಿಬಿಟ್ಟು ಹೇಳಿದ್ದು ಅವಳೊಬ್ಬಳಿಗೆ, ಈಗ ನಿನಗೆ.

ನಿಘಂಟನ್ನು ಮತ್ತೆ ತೆರೆದು ನೋಡಿದೆ. ಬಿಟ್ಟುಹೋಗು ಎಂಬುದಕ್ಕೆ ಲೀವ್ ಎಂದು ಬರೆಯಬೇಕಿತ್ತಂತೆ, ಭೂತಕಾಲದಲ್ಲಿ ಲೆಫ್ಟ್. ಅದರ ಮುಂದೆ ಇನ್ನೊಂದು ಕ್ರಿಯಾಪದ ಬೇಕಿಲ್ಲವಂತೆ. ನಾಳೆ ತರಗತಿಗೆ ಹೋಗಿ ತಿದ್ದಿ ಕೊಡುತ್ತೇನೆ: ‘ಸೇತುರಾಮ ಲೆಫ್ಟ್ ಮಿ’. ಮದುವೆಯಾದ ಮೇಲೆ ಅವರ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಮೇಷ್ಟ್ರು ಬೇಕಾದರೆ ಇದನ್ನೂ ಗಟ್ಟಿಯಾಗಿ ಓದಲಿ.