ಹರಿದ ಬಾವುಟಕ್ಕೆ ಹೊಲಿಗೆ ಹಾಕಿದವಳ ಅಹವಾಲು

ಮಾನ್ಯ ಧ್ವಜ ನಿಯಮ ವಿಭಾಗದ ಮುಖ್ಯಾಧಿಕಾರಿಗಳೇ,

ರಾಷ್ಟ್ರಧ್ವಜಕ್ಕೆ ಅಪಮಾನ ಮಾಡಿದರೆಂದು ನೀವು ಮೂರು ತಿಂಗಳ ಹಿಂದೆ ಕೆಲಸದಿಂದ ತೆಗೆದ ಜವಾನರು ನನ್ನ ಗಂಡ. ನಿಮ್ಮ ಆದೇಶ ಅಪಮಾನವೆಂದು ಕರೆದಿರುವುದು ಬಾವುಟದ ಅಂಚಿನಲ್ಲಿದ್ದ ಗೇಣುದ್ದದ ಒಂದು ರಫೂ ಹೊಲಿಗೆಯನ್ನು. ಆ ಹೊಲಿಗೆ ಹಾಕಿದವಳು ನಾನು. ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಹೊರಗಿನವರ ಹೇಳಿಕೆ ದಾಖಲಿಸಿಕೊಳ್ಳಲು ಅವಕಾಶವಿಲ್ಲವೆಂದು ಮೂರು ಸಲವೂ ಬಹಳ ವಿನಯದಿಂದ ಹೊರಗೆ ಕಳಿಸಿದರು. ಅದಕ್ಕೇ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷ ಇವರು ನಿಮ್ಮ ಅಧೀನದ ಕಚೇರಿಯೊಂದರ ತಾರಸಿಯ ಮೇಲೆ ಬೆಳಿಗ್ಗೆ ಬಾವುಟ ಏರಿಸಿದರು, ಸಂಜೆ ಇಳಿಸಿದರು. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ, ಕೇಸರಿ ಪಟ್ಟಿ ಮೇಲೆ, ಮಡಿಸಿದಾಗ ಚಕ್ರ ಹೊರಗೆ. ನಿಮ್ಮ ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ನಿಮಗೂ ಇದ್ದೀತು. ಮನೆಯಲ್ಲಿ ಹೊದಿಕೆ ಮಡಿಸುವಾಗಲೂ ಅಂಚಿಗೆ ಅಂಚು ಕೂಡದಿದ್ದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ನಾನೂ ಮಗಳೂ ಮುಸಿಮುಸಿ ನಗುತ್ತಿದ್ದೆವು. ರಜೆಯ ದಿನವೂ ಗಾಳಿ ಜೋರಾದರೆ ತಟ್ಟೆಯಲ್ಲಿದ್ದ ಅನ್ನ ಬಿಟ್ಟು ಬಾವುಟ ನೋಡಲು ಎದ್ದು ಹೋಗುತ್ತಿದ್ದರು.

ಗಾಳಿಗೆ ಬಡಿದು ಬಡಿದು ಕಳೆದ ವರ್ಷ ಬಾವುಟದ ಅಂಚು ಎಳೆಬಿಟ್ಟಿತು. ಹೊಸದು ಕೊಡಿ ಎಂದು ಇವರು ಎಂಟು ತಿಂಗಳಲ್ಲಿ ಏಳು ಅರ್ಜಿ ಬರೆದರು. ಆರಕ್ಕೆ ಉತ್ತರವಿಲ್ಲ, ಏಳನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬಂತು. ನಿಮ್ಮ ಒಂದು ನಿಯಮ ದಿನವೂ ಬಾವುಟ ಹಾರಲೇಬೇಕು ಎನ್ನುತ್ತದೆ. ಇನ್ನೊಂದು, ಹರಿದ ಬಾವುಟ ಹಾರಲೇಬಾರದು ಎನ್ನುತ್ತದೆ. ಎರಡನ್ನೂ ಒಬ್ಬರೇ ಬರೆದರೋ, ಅಥವಾ ಪರಸ್ಪರ ಮಾತು ಬಿಟ್ಟ ಇಬ್ಬರು ಬರೆದರೋ ತಿಳಿಯದು. ಏನು ಮಾಡಲೆಂದು ಇವರು ಹೆಡ್ ಕ್ಲಾರ್ಕನ್ನು ಕೇಳಿದರಂತೆ. “ಏರಿಸಿದರೂ ನಿನ್ನ ತಲೆ, ಏರಿಸದಿದ್ದರೂ ನಿನ್ನ ತಲೆ. ನನ್ನನ್ನ ಮಧ್ಯ ತರಬೇಡ” ಅಂದರಂತೆ ಅವರು. ಇಡೀ ಇಲಾಖೆಯಲ್ಲಿ ಸಿಕ್ಕ ಸ್ಪಷ್ಟ ಉತ್ತರ ಅದೊಂದೇ.

ಒಂದು ಸಂಜೆ ಬಾವುಟವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು. ನಾನು ಬಟ್ಟೆ ಹೊಲಿಯುವವಳು. ಮೆಷಿನ್ನಿನ ಮೇಜು ಒರೆಸಿ, ಮೇಲೆ ಒಗೆದ ದುಪ್ಪಟಿ ಹಾಸಿ, ಕೈ ತೊಳೆದು ಬಾ ಅಂದರು. ಇದು ತಪ್ಪಾಗುವುದಿಲ್ಲವೇ ಎಂದು ಕೇಳಿದೆ.

“ಹರಿದದ್ದನ್ನ ಹಾಗೇ ಹಾರಿಸೋದು ದೊಡ್ಡ ತಪ್ಪು. ಇದು ಚಿಕ್ಕದು” ಅಂದರು.

ಬಣ್ಣಕ್ಕೆ ಬಣ್ಣ ಹೊಂದುವ ನೂಲು ಹುಡುಕಿ, ಕೈಯಲ್ಲೇ ರಫೂ ಮಾಡಿದೆ. ಮುಗಿಯುವವರೆಗೆ ಅವರು ಕೂರಲಿಲ್ಲ. ಬಟ್ಟೆ ನೆಲಕ್ಕೆ ಜಾರದಂತೆ ಇನ್ನೊಂದು ತುದಿ ಹಿಡಿದು ನಿಂತಿದ್ದರು.

ಎಂಟು ತಿಂಗಳು ಯಾರ ಕಣ್ಣಿಗೂ ಬೀಳದ ಹರಿದ ಅಂಚು, ಹೊಲಿದ ಹದಿನೈದೇ ದಿನಕ್ಕೆ ನಿಮ್ಮ ತನಿಖಾಧಿಕಾರಿಯ ಕಣ್ಣಿಗೆ ಬಿತ್ತು. ವಿಚಾರಣೆಯ ದಿನ ನಾನು ಬಾಗಿಲಾಚೆ ಬೆಂಚಿನ ಮೇಲಿದ್ದೆ. ಯಾರು ಹೊಲಿದದ್ದು ಎಂದು ಕೇಳಿದರು. “ನಾನೇ ಸಾರ್” ಎಂದರು, ಸೂಜಿಗೆ ದಾರ ಪೋಣಿಸಲು ಬಾರದ ನನ್ನ ಗಂಡ. ಬಾವುಟ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ, ಹಿಂಡಿ ಎಸೆದ ಒರಸುಬಟ್ಟೆಯಂತೆ ಮುದ್ದೆಯಾಗಿತ್ತು. ಅದರ ಮೇಲೆ ಎರಡು ಫೈಲು. ಇವರಿಗೆ ತಡೆಯಲಾಗಲಿಲ್ಲ.

“ಸಾರ್, ಸರಿಯಾಗಿ ಮಡಿಸಿಡಲಾ?”

“ಅದು ಸಾಕ್ಷ್ಯ. ಮುಟ್ಟಬೇಡಿ.”

ಇವರು ಕೈ ಹಿಂದೆಗೆದದ್ದು ಬಾಗಿಲಿಂದಲೇ ಕಂಡಿತು. ಆಮೇಲೆ ಕೇಳಿದ್ದಕ್ಕೆಲ್ಲ ಹೌದು ಅಂದರು.

ಮಾನ್ಯರೇ, ಅಪಮಾನವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೀರಿ? ಪ್ರೀತಿಯಿಂದ ಹಾಕಿದ ಹೊಲಿಗೆ ಅಪರಾಧ, ಮುದ್ದೆಮಾಡಿ ಚೀಲಕ್ಕೆ ತುರುಕಿದ್ದು ಕಾರ್ಯವಿಧಾನವೇ? ಅಂದಿನಿಂದ ಆ ಕಚೇರಿಯ ಕಂಬ ಬೋಳಾಗಿದೆ. ಮೂರು ತಿಂಗಳಾಯಿತು. ಯಾರೂ ಕೇಳಿಲ್ಲ, ಯಾರಿಗೂ ನೋಟಿಸು ಹೋಗಿಲ್ಲ. ಬಾವುಟವೇ ಇಲ್ಲದ ಕಡೆ ಅಪಮಾನದ ಭಯವೂ ಇಲ್ಲ, ನಿಜ. ಇವರೀಗ ಸಂತೆಗೆ ಬಳಸುದಾರಿಯಲ್ಲಿ ಹೋಗುತ್ತಾರೆ, ಆ ಕಂಬ ಕಾಣಬಾರದೆಂದು. ಮೊನ್ನೆ ಬಿರುಗಾಳಿ ಎದ್ದಾಗ ತಟ್ಟೆಯ ಮುಂದಿಂದ ಏಳಲಿಲ್ಲ. ತಲೆ ಬಗ್ಗಿಸಿ ಉಂಡರು. ಆದೇಶ ಬಂದ ದಿನಕ್ಕಿಂತ ಅಂದು ನನಗೆ ಹೆಚ್ಚು ಭಯವಾಯಿತು.

ಕೆಲಸ ವಾಪಸು ಕೊಡಿ ಎಂದು ಕೇಳುತ್ತಿಲ್ಲ. ಕೊಟ್ಟರೂ ಅವರು ಬರಲಾರರು. ಮೇಲ್ಮನವಿಯೂ ವಜಾ ಆಗಿದೆ, ಆದ್ದರಿಂದ ಆ ಬಾವುಟ ಇನ್ನು ಸಾಕ್ಷ್ಯವಲ್ಲ. ಜೀರ್ಣವಾದ ಬಾವುಟವನ್ನು ಏಕಾಂತದಲ್ಲಿ, ಗೌರವದಿಂದ ದಹಿಸಬೇಕು ಎಂಬುದು ನಿಮ್ಮದೇ ನಿಯಮ. ಹಾಗೆ ಮಾಡಿ. ಅದಕ್ಕೆ ಮೊದಲು ಇವರನ್ನು ಅರ್ಧ ಗಂಟೆ ಕರೆದು, ಅದನ್ನು ಮಡಿಸಲು ಬಿಡಿ. ಬೇಡಿಕೆ ಇಷ್ಟೇ. ನೀವು ಇದನ್ನೂ ಮಾಡುವುದಿಲ್ಲ ಎಂದು ಬಲ್ಲೆ. ಇವರಿಗೂ ಗೊತ್ತು. ಪತ್ರ ಓದಿ ಹೇಳಿದಾಗ, ಬರೆಯಬೇಡ ಅನ್ನಲಿಲ್ಲ. “ಚೀಲದಿಂದ ತೆಗೆದರೆ ಸಾಕಿತ್ತು” ಅಂದರು.

ಇಂತಿ,
ಅಪರಾಧಿ
(ಶಿಕ್ಷೆ ಬೇರೆಯವರಿಗೆ ಆಗಿದೆ)