ವಿಧವೆಯ ಪಾತ್ರಕ್ಕೆ ನನ್ನ ಅಕ್ಕ ಸಾಲಳಂತೆ

ನಮ್ಮ ದ್ವೀಪಗಳಲ್ಲಿ ನೋಡಲೇಬೇಕಾದ ಹಬ್ಬಗಳು ಮತ್ತು ತಾಣಗಳ ಪಟ್ಟಿಯನ್ನು ಸಿದ್ಧಪಡಿಸುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ನೇಮಿಸಿದ ಮೂವರು ತೀರ್ಪುಗಾರರು ಕಳೆದ ಮಂಗಳವಾರ ನನ್ನ ಅಕ್ಕ ರುಫೀನಾಳನ್ನು ನಮ್ಮೂರ ಹಬ್ಬದ ವಿಧವೆಯ ಪಾತ್ರಕ್ಕೆ ಅನರ್ಹಳೆಂದು ತಿರಸ್ಕರಿಸಿದ್ದಾರೆ. ಅವಳ ಗಂಡ ಅನಾಕ್ಲೆತೊ ಹದಿನೆಂಟು ತಿಂಗಳ ಹಿಂದೆ, ಅಕ್ಟೋಬರಿನ ಚಂಡಮಾರುತದಲ್ಲಿ, ದೋಣಿಯ ಸಮೇತ ಕಾಣೆಯಾದವನು ಇವತ್ತಿಗೂ ಮರಳಿಲ್ಲ. ಆ ಪಾತ್ರ ಇಲೊಯಿಲೊ ಪಟ್ಟಣದ ಕಾಲೇಜು ಹುಡುಗಿಯೊಬ್ಬಳಿಗೆ ದಕ್ಕಿದೆ. ಆಕೆಗೆ ಹತ್ತೊಂಬತ್ತು ವರ್ಷ, ಮದುವೆಯಾಗಿಲ್ಲ, ಪ್ರಶಸ್ತಿಗಳು ಬಂದಿವೆಯಂತೆ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಈ ದೂರಿಗೆ ಹಿನ್ನೆಲೆ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನಾನು ತಲಂಗ್ಬಾನ್ ಗ್ರಾಮದ ಕಾರ್ಯದರ್ಶಿ. ನನ್ನ ಹೆಸರು ತಮ್ಮ ಕಚೇರಿಗೆ ಹೊಸದಲ್ಲ. ಏಳು ವರ್ಷ, ವರ್ಷಕ್ಕೆ ಎರಡರಂತೆ, ಗ್ರಾಮದ ಮುದ್ರೆ ಒತ್ತಿ ತಮಗೆ ಅರ್ಜಿ ಬರೆದವನು ನಾನೇ. ಪಕ್ಕದ ದ್ವೀಪದ ಮಾವಿನ ಹಬ್ಬ ಪಟ್ಟಿಯಲ್ಲಿದೆ, ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುವವರಿದ್ದಾರೆ, ಹಳೆಯ ಇಗರ್ಜಿಯಿದೆ, ಬಾವಲಿ ತುಂಬಿದ ಗವಿಯಿದೆ, ಒಣಮೀನಿನ ಸಂತೆಗೂ ಜಾಗ ಸಿಕ್ಕಿದೆ. ನಮ್ಮ ಪನಾವಾಗ್ ಏಕಿಲ್ಲ ಎಂದು ಕೇಳಿದವನು ನಾನೇ. ಪಟ್ಟಿಗೆ ಸೇರಿದರೆ ರಸ್ತೆ ಬರುತ್ತದೆ, ನೀರಿನ ನಲ್ಲಿ ಬರುತ್ತದೆ, ಪಟ್ಟಣಕ್ಕೆ ಹೋದಾಗ ಯಾವೂರು ಎಂದು ಕೇಳಿದವರಿಗೆ ಎರಡು ಸಲ ಹೇಳಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಎಂಟನೆಯ ವರ್ಷ ತಾವು ದಯೆ ತೋರಿದಿರಿ. ಬಣ್ಣದ ಕೈಪಿಡಿಯಲ್ಲಿ ನಮಗೆ ಒಂಬತ್ತನೆಯ ಸ್ಥಾನ, ಜಲಪಾತಕ್ಕೂ ಹಂದಿ ಹುರಿಯುವ ಹಬ್ಬಕ್ಕೂ ನಡುವೆ. 'ಅಲೆಗಳೊಂದಿಗೆ ಮಾತಾಡುವ ವಿಧವೆಯರು, ಮಕ್ಕಳೊಂದಿಗೆ ನೋಡಲು ಸೂಕ್ತ' ಎಂದು ಅಚ್ಚಾಗಿದೆ. ಅದನ್ನು ಓದಿದ ದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಊರಿಗೆಲ್ಲ ತೋರಿಸಿಕೊಂಡು ಬಂದೆ.

ಪನಾವಾಗ್ ಎಂದರೆ ಕೂಗಿ ಕರೆಯುವುದು. ಕೈಪಿಡಿ ಬರೆದವರು ಅದನ್ನು ಹಾಡು ಎಂದುಕೊಂಡಂತಿದೆ. ಮೇ ತಿಂಗಳ ಹುಣ್ಣಿಮೆಯ ಮಾರನೆಯ ಮಧ್ಯಾಹ್ನ ನಮ್ಮ ಸಮುದ್ರ ವರ್ಷದಲ್ಲೇ ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಊರ ಮುಂದಿನ ಮರಳಿನ ದಿಣ್ಣೆ ಆಗ ಪೂರ್ತಿ ಬಯಲಾಗಿ, ತಳ ಒಮ್ಮೆಲೇ ಕೆಳಗಿಳಿಯುವ ಆಳದ ಅಂಚಿನವರೆಗೂ ಕಾಲ್ನಡಿಗೆಯಲ್ಲಿ ಹೋಗಬಹುದು. ಆ ವರ್ಷ ಕಡಲಿನಿಂದ ಮರಳದ ಗಂಡಸರ ಹೆಂಡತಿಯರು ಬರಿಗಾಲಲ್ಲಿ ಆ ತುದಿಗೆ ಹೋಗುತ್ತಾರೆ. ದೀಕ್ಷಾಸ್ನಾನದ ಹೆಸರು ಅಲ್ಲಿ ಬೇಡ. ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರನ್ನು ಮೂರು ಸಲ ಕೂಗಿ, ತಿರುಗಿ ನೋಡದೆ ವಾಪಸು ಬರುತ್ತಾರೆ. ಆಮೇಲಷ್ಟೇ ಪಾದ್ರಿಗಳನ್ನು ಕರೆಸಿ ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ಪ್ರಾರ್ಥನೆ. ಆಮೇಲಷ್ಟೇ ಅವನ ಬಲೆಯನ್ನು ಯಾರಿಗಾದರೂ ಕೊಡಬಹುದು. ಅಲ್ಲಿಯವರೆಗೆ ಅವನು ಸತ್ತವನಲ್ಲ, ಇವಳು ವಿಧವೆಯೂ ಅಲ್ಲ. ಆ ಲೆಕ್ಕದಲ್ಲಿ ತಮ್ಮ ತೀರ್ಪುಗಾರರ ತೀರ್ಮಾನ ಸರಿಯಾಗಿಯೇ ಇದೆ.

ಇನ್ನು ನಾವು ಮಾಡಿದ ತಪ್ಪು. ಎರಡು ವರ್ಷದ ಹಿಂದಿನ ಸಂಗತಿ ಎಂದು ತಾವು ಮರೆತಿರಬಹುದು, ತಮ್ಮ ತನಿಖಾ ತಂಡ ಬಂದಾಗ ನಾವು ಏಡಿ ಬೇಯಿಸಿದ್ದೆವು. ಬಾಳೆ ಎಲೆ ಹಾಸಿದ ಉದ್ದನೆಯ ಮೇಜು, ಇಡೀ ಊರು ಸುತ್ತ ನಿಂತಿತ್ತು. ತಂಡದ ಹಿರಿಯರು ಏಡಿಯ ಕಾಲು ಮುರಿಯುತ್ತ, "ಈ ಹುಣ್ಣಿಮೆ ಲೆಕ್ಕ ಎಲ್ಲಾ ಪ್ರವಾಸಿಗರಿಗೆ ಕಷ್ಟ ಕಣ್ರಯ್ಯ. ಮೇ ಮೂರನೇ ಶನಿವಾರ ಅಂತ ಇಟ್ಕೊಂಡ್ರೆ ನಿಮಗೇನೂ ತೊಂದರೆ ಇಲ್ಲ ತಾನೇ?" ಎಂದರು. ನಮ್ಮ ಮೇಜಿನಲ್ಲಿ ಉಣ್ಣುತ್ತಿರುವ ಅತಿಥಿಗೆ ಇಲ್ಲ ಎನ್ನುವುದನ್ನು ನಮ್ಮ ಅಪ್ಪ ಅಮ್ಮ ಕಲಿಸಿಲ್ಲ. ಗ್ರಾಮದ ಮುಖ್ಯಸ್ಥ ನೆಲ ನೋಡುತ್ತ, "ತೊಂದರೆ ಏನ್ ಸಾರ್, ತಾವು ಹೇಳಿದ್ ದಿನ" ಎಂದ. ಸುತ್ತ ನಿಂತವರೆಲ್ಲ ನಕ್ಕು ತಲೆಯಾಡಿಸಿದರು. ತಂಡದವರು ಕೈ ತೊಳೆದು ಹೊರಟ ಮೇಲೆ ಯಾವುದಾದರೊಂದು ನೆಪ ಹೇಳಿ ತಪ್ಪಿಸಿಕೊಂಡರಾಯಿತು ಎಂಬುದು ಎಲ್ಲರ ಲೆಕ್ಕಾಚಾರ. ಆದರೆ ತಮ್ಮ ಸಹಾಯಕಿ ಅಲ್ಲೇ ಕಾಗದ ಮುಂದಿಟ್ಟರು, ನಾನು ಸಹಿ ಹಾಕಿದೆ. ಶನಿವಾರ ಕಡಲು ಎಲ್ಲಿರುತ್ತದೆ ಎಂದು ಆ ಹೊತ್ತಿನಲ್ಲಿ ಯೋಚಿಸದ ಒಬ್ಬನೇ ಒಬ್ಬ ಗ್ರಾಮ ಕಾರ್ಯದರ್ಶಿ ಈ ದ್ವೀಪಗಳಲ್ಲಿ ಇದ್ದರೆ ಅದು ನಾನು.

ಅದೇ ಅಕ್ಟೋಬರಿನಲ್ಲಿ ಚಂಡಮಾರುತ ಬಂತು. ಮೂರು ದೋಣಿ, ಏಳು ಗಂಡಸರು. ಮೇ ಬಂದಾಗ ಕೂಗಬೇಕಾದ ಹೆಂಗಸರು ಏಳು ಮಂದಿ. ಶನಿವಾರ ಕಡಲು ದಿಣ್ಣೆಯ ಮೇಲೆ ಎದೆಯುದ್ದ ನಿಂತಿತ್ತು. ತಮ್ಮವರು ಧೃತಿಗೆಡಲಿಲ್ಲ. ದಡದಲ್ಲಿ ಹಲಗೆಯ ವೇದಿಕೆ ಕಟ್ಟಿ, ಅದರ ಮೇಲೆ ಲಾರಿಯಲ್ಲಿ ತಂದ ಮರಳು ಸುರಿದರು. ಸಮುದ್ರದ ತೀರಕ್ಕೆ ಲಾರಿಯಲ್ಲಿ ಮರಳು! ಪಟ್ಟಣದಿಂದ ಬಂದಿದ್ದ ನೃತ್ಯ ನಿರ್ದೇಶಕ ಗಡಿಯಾರ ನೋಡಿ, "ಮೂರು ನಿಮಿಷ ಇದೆ, ಮೂರು ಹೆಸರು ಸಾಕು, ಉಳಿದೋರು ಹಿಂದೆ ನಿಂತು ಕೈ ಆಡಿಸಿ" ಎಂದ. ಅಕ್ಕ ಸಾಲಿನಲ್ಲಿ ಐದನೆಯವಳು. ಅವಳು ಕೈ ಆಡಿಸಲಿಲ್ಲ. ಹೆಸರು ಕೂಗಿದ ಮೂವರೂ ಆಮೇಲೆ ಪ್ರಾರ್ಥನೆ ಮಾಡಿಸಿದರು. ಆದರೆ ಅವರಲ್ಲಿ ಒಬ್ಬಳೂ ಇವತ್ತಿಗೂ ಗಂಡನ ಬಲೆಯನ್ನು ಯಾರಿಗೂ ಕೊಟ್ಟಿಲ್ಲ. ಆ ಕೂಗು ಕೂಗಲ್ಲ ಎಂದು ಅವರಿಗೂ ಗೊತ್ತು.

ನಿಜವಾದ ದಿನ ಬಂದಾಗ ಉಳಿದ ನಾಲ್ವರು ದಿಣ್ಣೆಗೆ ಹೊರಟರು. ಗ್ರಾಮದ ಕಾಗದ ಹಿಡಿದು ನಾನೂ ಹಿಂದೆ ಹೋದೆ. ದಿಣ್ಣೆಯ ಬುಡದಲ್ಲಿ ನೀಲಿ ಹಗ್ಗ. 'ಈ ತಾಣ ಮುಂದಿನ ಪ್ರವಾಸಿ ಋತುವಿನವರೆಗೆ ವಿಶ್ರಾಂತಿಯಲ್ಲಿದೆ' ಎಂಬ ಫಲಕ. ಮರಳಿಗೆ ಆಯಾಸವಾಗುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಹಗ್ಗದ ಕಾವಲಿಗೆ ತಾವು ನೇಮಿಸಿದ್ದು ಬೇರೆ ಯಾರನ್ನೂ ಅಲ್ಲ, ನಮ್ಮ ನೆರೆಮನೆಯ ಪಸ್ತೋರನನ್ನು. ಅವನ ಅಪ್ಪನ ಹೆಸರನ್ನೂ ಇದೇ ದಿಣ್ಣೆಯ ತುದಿಯಲ್ಲಿ ಕೂಗಿದ್ದು.

"ಮನಾಂಗ್, ನಂಗ್ ಗೊತ್ತಿಲ್ವಾ?" ಎಂದು ಅವನು ಅಕ್ಕನ ಮುಂದೆ ಟೋಪಿ ತೆಗೆದು ನಿಂತ. ಹಿರಿಯಕ್ಕನನ್ನು ನಾವು ಕರೆಯುವುದು ಹಾಗೆ. "ಆದ್ರೆ ಆ ಕಂಬದ ಮೇಲೆ ಕ್ಯಾಮೆರಾ ಇಟ್ಟವ್ರೆ. ನೀವು ದಾಟಿದ್ರೆ ನಾಳೆಯಿಂದ ನಂಗೆ ಕೆಲ್ಸ ಇಲ್ಲ. ಐದು ಮಕ್ಕಳು ಮನಾಂಗ್."

"ನಿನ್ನ ಬೈಯೋಕೆ ಬಂದಿಲ್ಲ ಕಣೋ," ಎಂದಳು ಅಕ್ಕ.

"ಇಲ್ಲಿಂದ್ಲೇ ಕೂಗಿಬಿಡಿ. ನಾನು ಆ ಕಡೆ ತಿರ್ಕೊಂಡಿರ್ತೀನಿ."

"ಇಲ್ಲಿಂದ ಕೂಗಿದ್ರೆ ಊಟಕ್ಕೆ ಕರೆದಂಗೆ ಆಯ್ತದೆ ಪಸ್ತೋರ್. ಇಪ್ಪತ್ತೊಂಬತ್ತು ವರ್ಷ ಇದೇ ದಡದಲ್ಲಿ ನಿಂತು ಊಟಕ್ಕೆ ಬಾ ಅಂತ ಕರ್ದಿದೀನಿ. ಎದ್ದು ಬಂದ್ಬಿಟ್ಟಾನು. ನಾನೀಗ ಕರೀಬೇಕಿರೋದು ಬಾ ಅಂತಲ್ಲ, ಹೋಗು ಅಂತ."

ಹಗ್ಗವೇನು ಗೋಡೆಯೇ, ದಾಟಬಹುದಿತ್ತಲ್ಲ ಎಂದು ತಾವು ಕೇಳಬಹುದು. ದಾಟಬಹುದಿತ್ತು. ಪಸ್ತೋರನ ಹೆಂಡತಿ ದಡದಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಈ ಕಡೆಯೇ ನೋಡುತ್ತಿದ್ದಳು. ನಾಲ್ವರೂ ಮನೆಗೆ ಬಂದರು. ಅವರಲ್ಲಿ ಒಬ್ಬಳು ಮಗಳ ಮನೆಗೆಂದು ಮನಿಲಾಕ್ಕೆ ಹೋದವಳು ಅಲ್ಲೇ ಉಳಿದಳು. ಇನ್ನಿಬ್ಬರು ಸಾಕಪ್ಪಾ ಸಾಕು ಎಂದು ಕೈಬಿಟ್ಟು, ಈಗ ಹಬ್ಬದ ದಿನ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಮಾಂಸ ಮಾರಲು ಅಂಗಡಿಗೆ ಅರ್ಜಿ ಹಾಕಿದ್ದಾರೆ. ನನ್ನ ಅಕ್ಕ ಒಬ್ಬಳು ಉಳಿದಳು.

ನಮ್ಮೂರನ್ನು ಪಟ್ಟಿಯಿಂದ ತೆಗೆದುಹಾಕಿ ಎಂದು ನಾನು ಜೂನ್‌ನಲ್ಲಿ ಬರೆದೆ, ಸೆಪ್ಟೆಂಬರಿನಲ್ಲಿ ಬರೆದೆ, ಜನವರಿಯಲ್ಲಿ ಖುದ್ದಾಗಿ ಬಂದು ತಮ್ಮ ಕಚೇರಿಯ ಬೆಂಚಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆ. ಸೇರಿಸಲು ನಮೂನೆಯಿದೆ, ತೆಗೆಯಲು ನಮೂನೆಯಿಲ್ಲ ಎಂದು ಕಿಟಕಿಯಾಚೆಯ ಹುಡುಗಿ ಬಹಳ ಸೌಜನ್ಯದಿಂದ ತಿಳಿಸಿದಳು. ಮುಂದಿನ ವರ್ಷದ ಕೈಪಿಡಿಯನ್ನೂ ಒಂದು ಪ್ರತಿ ಕೊಟ್ಟಳು. ಮುಖಪುಟದಲ್ಲಿ ನಮ್ಮ ದಿಣ್ಣೆ. ಬಹಳ ಚೆನ್ನಾಗಿ ಬಂದಿದೆ.

ಈ ವರ್ಷ ತಮಗೆ ಜ್ಞಾನೋದಯವಾಯಿತು. ಇಳಿತದ ದಿನ, ದಿಣ್ಣೆಯ ತುದಿಯಲ್ಲೇ ಆಡಿಸಿದರೆ ಚಿತ್ರಗಳು ಇನ್ನೂ ಸೊಗಸಾಗಿ ಬರುತ್ತವೆ ಎಂದು ಯಾರೋ ಹೇಳಿರಬೇಕು. ಶನಿವಾರ ಹೋಯಿತು, ಹುಣ್ಣಿಮೆಯ ಮಾರನೆಯ ಮಧ್ಯಾಹ್ನ ವಾಪಸು ಬಂತು. ದಿನ ಸರಿ, ಹೊತ್ತು ಸರಿ, ಜಾಗ ಸರಿ. ಆದರೆ ಹಗ್ಗದಾಚೆಗೆ ಕೊರಳಲ್ಲಿ ಕಲಾವಿದರ ಬಿಲ್ಲೆ ಇದ್ದವರಿಗಷ್ಟೇ ಪ್ರವೇಶ. ಐವರು ವಿಧವೆಯರು ಬೇಕಾಗಿದ್ದಾರೆ, ಇಡೀ ಪ್ರಾಂತ್ಯದಿಂದ ಅರ್ಜಿ ಆಹ್ವಾನಿಸಲಾಗಿದೆ ಎಂಬ ಪ್ರಕಟಣೆಯನ್ನು ಗ್ರಾಮದ ಗೋಡೆಗೆ ನಾನೇ ಅಂಟಿಸಿದೆ. ಅಕ್ಕ ಅದನ್ನು ಕೊನೆಯವರೆಗೂ ಓದಿ, "ತೊತೊ, ನನ್ ಹೆಸರು ಬರಿ" ಎಂದಳು. ಐವತ್ತೊಂದು ವರ್ಷದ ನನ್ನನ್ನು ಹಾಗೆ ಪುಟ್ಟ ತಮ್ಮನಂತೆ ಕರೆಯುವವಳು ಅವಳೊಬ್ಬಳೇ. ಬರೆದೆ. ಪಾತ್ರದ ಅನುಭವ ಎಂಬ ಜಾಗವನ್ನು ಖಾಲಿ ಬಿಟ್ಟೆ.

ಪುರಸಭೆಯ ಆಟದ ಸಭಾಂಗಣದಲ್ಲಿ ಆಯ್ಕೆ ನಡೆಯಿತು. ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ಮೂವರು ತೀರ್ಪುಗಾರರು. ಅಕ್ಕ ಇಗರ್ಜಿಗೆ ಹೋಗುವ ಉಡುಪು ಹಾಕಿದ್ದಳು.

"ನಾನೈ," ಎಂದರು ನಡುವೆ ಕೂತವರು. ತಾಯಿ ವಯಸ್ಸಿನವರನ್ನು ಹಾಗೆ ಕರೆಯುವ ಸೌಜನ್ಯ ಅವರಿಗಿತ್ತು. "ಸಮುದ್ರ ಈ ಕಡೆ ಇದೆ ಅಂದ್ಕೊಳ್ಳಿ. ನಿಮ್ಮ ಗಂಡ ಮುಳುಗಿ ಹೋಗಿದಾನೆ ಅಂತ ಕಲ್ಪಿಸ್ಕೊಳ್ಳಿ. ಹೆಸರು ಹುವಾನ್. ಕೂಗಿ."

"ಆಯ್ತು ಸಾರ್." ಅಕ್ಕ ಗೋಡೆಯ ಕಡೆ ತಿರುಗಿ ಮೂರು ಸಲ ಹುವಾನ್ ಎಂದು ಕರೆದಳು. ದನಿ ಸ್ಪಷ್ಟವಾಗಿತ್ತು, ಏರಲಿಲ್ಲ, ನಡುಗಲಿಲ್ಲ. ಆಮೇಲೆ ತಿರುಗಿ ನೋಡದೆ ಬಾಗಿಲವರೆಗೂ ನಡೆದುಬಿಟ್ಟಳು. ಅವರು ವಾಪಸು ಕರೆಯಬೇಕಾಯಿತು.

"ಸ್ವಲ್ಪ ಕಣ್ಣೀರು ಬರ್ಬೇಕಿತ್ತು ನಾನೈ. ಹಿಂದಿನ ಸಾಲಿನವ್ರಿಗೂ ಕಾಣ್ಬೇಕಲ್ಲ?"

"ಅಳೋದು ಆಮೇಲೆ ಸಾರ್," ಎಂದಳು ಅಕ್ಕ.

ಅವರು ನಕ್ಕರು. ಅಂಕಪಟ್ಟಿ ನನ್ನ ಬಳಿ ಇದೆ. ದನಿಗೆ ಒಳ್ಳೆಯ ಅಂಕವೇ ಬಂದಿದೆ. ಷರಾದ ಜಾಗದಲ್ಲಿ ಬರೆದಿದ್ದಾರೆ: 'ದುಃಖ ಸಾಕಷ್ಟು ಕಾಣುವುದಿಲ್ಲ.'

ವಾಪಸು ಬರುವಾಗ ಮೂರು ಚಕ್ರದ ಬಾಡಿಗೆ ಗಾಡಿಯಾದ ಟ್ರೈಸಿಕಲ್‌ನಲ್ಲಿ ಅಕ್ಕ ಆ ಕಾಲೇಜು ಹುಡುಗಿಯನ್ನು ಹೊಗಳುತ್ತಿದ್ದಳು. "ಎಷ್ಟ್ ಚೆನ್ನಾಗಿ ಅತ್ತಳು ತೊತೊ! ನೆಲಕ್ಕೆ ಬಿದ್ದು ಹೊರಳಿದ್ಲು, ಪಾಪ. ಯಾರ್ ಹೇಳ್ಕೊಟ್ರೋ." ನನಗೆ ಸಿಟ್ಟು ನೆತ್ತಿಗೇರಿತು. ಒಂದೆರಡು ಹನಿ ನೀನೂ ಸುರಿಸಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ. ಟ್ರೈಸಿಕಲ್ ಓಡಿಸುವವನು ಹಿಂತಿರುಗಿ ನೋಡಿದ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, "ಅವನಿನ್ನೂ ನೀರಲ್ಲವ್ನೆ. ನೀರಲ್ಲಿರೋನಿಗೆ ಹೆಂಡ್ತಿ ಅತ್ರೆ ಏನಾಯ್ತದೆ ಅಂತ ನಿಂಗ್ ಅಮ್ಮ ಹೇಳ್ಕೊಡ್ಲಿಲ್ವಾ?" ಎಂದಳು. ಹೇಳಿಕೊಟ್ಟಿದ್ದಳು. ನನಗೆ ಮರೆತೇ ಹೋಗಿತ್ತು. ಹೆಸರು ಕೂಗುವ ಮೊದಲು ಹೆಂಡತಿ ಅತ್ತರೆ ಗಂಡ ಅಲ್ಲೇ ಉಳಿಯುತ್ತಾನೆ, ಮೇಲೂ ಇಲ್ಲ, ಕೆಳಗೂ ಇಲ್ಲ. ಹದಿನೆಂಟು ತಿಂಗಳಿಂದ ಅವಳು ಅತ್ತಿಲ್ಲ ಎಂಬುದನ್ನು ಒಂದೇ ಅಂಗಳದಲ್ಲಿ ವಾಸಿಸುವ ನಾನು ಗಮನಿಸಿರಲಿಲ್ಲ. ಗಟ್ಟಿ ಹೆಂಗಸು ಎಂದುಕೊಂಡು ಸುಮ್ಮನಿದ್ದೆ. ಹಾಗಿರುವಾಗ ತಮ್ಮ ತೀರ್ಪುಗಾರರನ್ನು ಯಾವ ಬಾಯಲ್ಲಿ ಬೈಯಲಿ?

ಹೀಗಾಗಿ ಮಾನ್ಯರೇ, ನನ್ನ ಹಳೆಯ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ರಸ್ತೆ ಬೇಡ. ಪಟ್ಟಿಯಿಂದ ತೆಗೆಯುವುದೂ ಬೇಡ, ಅದು ತಮ್ಮಿಂದ ಆಗುವ ಕೆಲಸವಲ್ಲ ಎಂದು ಅರ್ಥವಾಗಿದೆ. ಹಬ್ಬ ತಮ್ಮದೇ ಇರಲಿ, ಮರಳೂ ತಮ್ಮದೇ ಇರಲಿ. ಆರನೆಯ ವಿಧವೆಯಾಗಿ ನನ್ನ ಅಕ್ಕನನ್ನು ಸೇರಿಸಿಕೊಳ್ಳಿ. ಅವಳ ಮುಂದೆ ಮೈಕು ಇಡಬೇಡಿ, ಬೆಳಕು ಬಿಡಬೇಡಿ, ಎಲ್ಲರ ಹಿಂದೆ, ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲಿಸಿ. ಹುವಾನ್ ಎಂದು ಐವರೂ ಕೂಗುವ ಗದ್ದಲದಲ್ಲಿ ಅವಳು ಇನ್ನೊಂದು ಹೆಸರು ಕೂಗಿದರೆ ಯಾರಿಗೂ ಕೇಳಿಸದು. ತಮ್ಮ ಕಾರ್ಯಕ್ರಮಕ್ಕೆ ಒಂದು ನಿಮಿಷವೂ ಹೆಚ್ಚು ಹಿಡಿಯದು.

ಇದಕ್ಕೂ ತಾವು ಒಪ್ಪುವುದಿಲ್ಲವೆಂದು ನನಗೆ ಬಹುಮಟ್ಟಿಗೆ ಗೊತ್ತು. ಹುಣ್ಣಿಮೆಗೆ ಇನ್ನು ಹದಿನಾರು ದಿನವಿದೆ, ತಮ್ಮ ಕಚೇರಿಯಿಂದ ಕಾಗದ ನಮ್ಮೂರಿಗೆ ತಲುಪಲು ಇಪ್ಪತ್ತು ದಿನ ಬೇಕು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮೊನ್ನೆಯಿಂದ ಅಕ್ಕ ಕನ್ನಡಿಯ ಮುಂದೆ ನಿಂತು ಕೈಗಳಿಂದ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿ, ಕಣ್ಣೀರಿಲ್ಲದೆ ಅಳುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಇನ್ನೊಂದು ಸಲ ಪರೀಕ್ಷೆಗೆ ಕರೆದರೆ ಬೇಕಾಗುತ್ತದಂತೆ. ಕರೆಯುವುದೇ ಆದರೆ ದಯವಿಟ್ಟು ಅವಳ ಹತ್ತಿರ ಬಂದು ಕಣ್ಣು ಒದ್ದೆಯಾಗಿದೆಯೇ ಎಂದು ನೋಡಬೇಡಿ.

ಇಂತಿ,
ತಮ್ಮವರ ಏಡಿಯೂಟದ ದಿನ ಇಲ್ಲ ಎನ್ನಲಾರದೆ ಸಹಿ ಹಾಕಿದ,
ಹೆರ್ಮೊಹೆನೆಸ್ ಪನಿಸಾಲೆಸ್
ಕಾರ್ಯದರ್ಶಿ, ತಲಂಗ್ಬಾನ್, ತಮ್ಮ ಪಟ್ಟಿಯಲ್ಲಿ ಒಂಬತ್ತನೆಯ ಊರು